ಬಾಳೆಹಣ್ಣಲ್ಲಿ ಮಾತ್ರೆ ಇಟ್ಟು ಕೊಡಿ ಅನ್ನುವವರಿಗೆ

ರಜೆಗೆ ಊರಿಗೆ ಬಂದಾಗಲೆಲ್ಲ ಈ ಸಲಹೆ ಸಿಕ್ಕೇ ಸಿಗುತ್ತದೆ. ಈ ಬಾರಿ ಸಿಕ್ಕಿದ್ದು ಅರಸೀಕೆರೆ ಕಡೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಉಗಾಂಡದಲ್ಲಿ ನಿನ್ನ ಕೆಲಸ ಏನು ಅಂತ ಕೇಳಿದರು. ಕಾಡು ಕರಗುತ್ತಿದೆ, ಅಲ್ಲಿನ ಮಂಗಗಳಿಗೆ ಹೊಟ್ಟೆಹುಳ ಜಾಸ್ತಿಯಾಗುತ್ತಿದೆ, ಅದನ್ನು ನೋಡುತ್ತೇವೆ ಅಂದೆ. "ಅಷ್ಟೇನಾ? ಬಾಳೆಹಣ್ಣಲ್ಲಿ ಒಂದು ಹುಳದ ಮಾತ್ರೆ ಇಟ್ಟು ಕೊಡೋದಪ್ಪ. ದನಕ್ಕೆಲ್ಲ ಕುಡಿಸ್ತಿರಲಿಲ್ವಾ ನೀನು?" ಅಂದರು.

ಚಿಕ್ಕಪ್ಪನ ಮೇಲೆ ಸಿಟ್ಟಿಲ್ಲ. ಇದೇ ಮಾತನ್ನು ದುಡ್ಡು ಕೊಡಲು ಬಂದ ದೊಡ್ಡ ಮನುಷ್ಯರು ಹೇಳಿದ್ದಾರೆ, ಕ್ಯಾಮೆರಾ ಹೊತ್ತ ಪ್ರವಾಸಿಗಳು ಹೇಳಿದ್ದಾರೆ, ಪಶುವೈದ್ಯ ಓದುವ ಹುಡುಗರೂ ಹೇಳಿದ್ದಾರೆ. ಕೊನೆಯವರ ಮೇಲೆ ಮಾತ್ರ ಸ್ವಲ್ಪ ಸಿಟ್ಟಿದೆ. ಆ ಮಾತಿನಲ್ಲಿ ಬಾಳೆಹಣ್ಣೂ ತಪ್ಪು, ಮಾತ್ರೆಯೂ ತಪ್ಪು. ಬಾಳೆಹಣ್ಣಿನಿಂದಲೇ ಶುರು ಮಾಡುತ್ತೇನೆ.

ನಾನು ಹೇಳುತ್ತಿರುವುದು ಕೆಂಪು ಕೊಲೊಬಸ್ ಅನ್ನುವ ಮಂಗದ ಬಗ್ಗೆ. ಪಶ್ಚಿಮ ಉಗಾಂಡದ ಕಿಬಾಲೆ ಕಾಡಿನಲ್ಲಿ ಇವು ಇನ್ನೂ ದೊಡ್ಡ ಗುಂಪುಗಳಲ್ಲಿ ಸಿಗುತ್ತವೆ. 1993ರಿಂದ ಅದು ರಾಷ್ಟ್ರೀಯ ಉದ್ಯಾನ. ಅದರ ಹೊರಗೆ ಉಳಿದಿರುವುದು ಚೂರುಪಾರು ಮಾತ್ರ. ತಲೆ ಮೇಲೆ ಕೆಂಪು ಟೋಪಿ ಇಟ್ಟ ಹಾಗೆ ಕೂದಲು, ಉದ್ದ ಬಾಲ. ಹೆಬ್ಬೆರಳು ಇದ್ದೂ ಇಲ್ಲದಂತೆ. ಕೊಲೊಬಸ್ ಅನ್ನುವ ಗ್ರೀಕ್ ಮೂಲದ ಹೆಸರಿಗೆ ಅರ್ಥವೇ ಮೊಟುಕಾದದ್ದು ಅಂತ. ನಮ್ಮ ಕರಿಮುಖದ ಮುಸಿಯ ಇದೆಯಲ್ಲ, ಅದರ ದಾಯಾದಿ. ಕೋತಿಗೆ ದೂರದ ಸಂಬಂಧಿ. ಈ ಎರಡು ಮನೆತನಗಳ ದೊಡ್ಡ ವ್ಯತ್ಯಾಸ ಇರುವುದು ಹೊಟ್ಟೆಯಲ್ಲಿ.

ಕೋತಿಯ ಹೊಟ್ಟೆ ನಮ್ಮ ಹೊಟ್ಟೆಯ ಥರ, ಒಂದೇ ಚೀಲ. ಕೊಲೊಬಸ್‌ದು ದನದ ಹೊಟ್ಟೆಯ ಥರ, ಕೋಣೆ ಕೋಣೆ. ಮೆಲುಕು ಹಾಕುವುದಿಲ್ಲ ಅಷ್ಟೇ. ತಿಂದ ಎಲೆ ಮುಂದಿನ ಕೋಣೆಯಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ, ರಾತ್ರಿಯೆಲ್ಲ ದೋಸೆ ಹಿಟ್ಟು ಹುದುಗಿದ ಹಾಗೆ. ಎಲೆಯ ನಾರನ್ನು ಕರಗಿಸುವುದು ಆ ಜೀವಿಗಳು. ಎಲೆಯಲ್ಲಿರುವ ಕೆಲವು ವಿಷ ಮುರಿಯುವುದೂ ಅವೇ. ಅವು ಬದುಕಿರಬೇಕಾದರೆ ಆ ಕೋಣೆ ಹುಳಿಯಾಗಬಾರದು. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, "ಸರಿ, ಹಾಗಾದ್ರೆ ಸಪೋಟಾ?" ಅನ್ನುತ್ತಾರೆ.

ಹಾಗಾಗಿ ದನದ ಕಥೆಯನ್ನೇ ಹೇಳಬೇಕು. ಊರಲ್ಲಿ ದನದ ಡಾಕ್ಟರಾಗಿದ್ದಾಗ ಮದುವೆ ಸೀಸನ್ನಿನ ಫೋನ್‌ಗಳು ಒಂದೇ ಥರ. ಮಿಕ್ಕಿದ ಅನ್ನ, ಹೋಳಿಗೆ, ಪಾಯಸ ಸುಮ್ನೆ ಹಾಳಾಗುತ್ತೆ ಅಂತ ಬಕೆಟ್‌ನಲ್ಲಿ ತಂದು ಹಸುವಿನ ಮುಂದೆ ಸುರಿದಿರುತ್ತಾರೆ. ಪ್ರೀತಿಯಿಂದಲೇ. ಹಸುವೂ ಪ್ರೀತಿಯಿಂದಲೇ ತಿಂದಿರುತ್ತದೆ. ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿದೆ, ಮೇವು ಬಿಟ್ಟಿದೆ, ಹುಳಿ ವಾಸನೆಯ ಭೇದಿ, ಎದ್ದು ನಿಲ್ಲಲು ಆಗುತ್ತಿಲ್ಲ. ಅಡುಗೆ ಸೋಡಾ ಕದಡಿ ಕುಡಿಸಿ, ಡ್ರಿಪ್ ಹಾಕಿ ಕೆಲವನ್ನು ಉಳಿಸಿದೆ. ಕೆಲವು ಹೋದವು. ಅನ್ನದಲ್ಲಿ ವಿಷ ಇರಲಿಲ್ಲ. ಪಿಷ್ಟ, ಸಕ್ಕರೆ ಒಮ್ಮೆಲೇ ಬಿದ್ದರೆ ಮೆಲುಕು ಚೀಲದಲ್ಲಿ ಹುಳಿ ಮಾಡುವ ಬ್ಯಾಕ್ಟೀರಿಯಾ ಏಕಾಏಕಿ ಹೆಚ್ಚಿ, ನಾರು ಕರಗಿಸುವವು ಸಾಯುತ್ತವೆ. ಅಷ್ಟು ಸಾಕು.

ಮಾಗಿದ ಬಾಳೆಹಣ್ಣಿನ ಗೊನೆ ಕೊಲೊಬಸ್‌ಗೆ ಆ ಬಕೆಟ್ ಇದ್ದ ಹಾಗೆ. ಹಣ್ಣಿನ ಜಾತಿಯನ್ನೇ ಮುಟ್ಟುವುದಿಲ್ಲ ಅಂತಲ್ಲ. ಬಲಿಯದ ಕಾಯಿ, ಬೀಜ ತಿನ್ನುತ್ತವೆ. ಸಿಹಿ ಹಣ್ಣನ್ನು ಸಾಮಾನ್ಯವಾಗಿ ಬಿಡುತ್ತವೆ. ಒಂದು ಹಣ್ಣಿಗೆ ಸತ್ತೇ ಹೋಗುತ್ತವೆ ಅಂತಲೂ ನಾನು ಹೇಳುತ್ತಿಲ್ಲ. ಕೆಂಪು ಕೊಲೊಬಸ್ಸನ್ನು ಮೃಗಾಲಯದಲ್ಲಿ ಬದುಕಿಸಿಕೊಳ್ಳುವುದೇ ಕಷ್ಟ ಅನ್ನುವುದನ್ನು ಮಾತ್ರ ನೆನಪಿಸುತ್ತೇನೆ. "ನಮ್ಮ ದೇವಸ್ಥಾನದ ಮುಸಿಯ ದಿನಾ ಬಾಳೆಹಣ್ಣು ತಿನ್ನುತ್ತಲ್ಲ?" ಅನ್ನುವವರಿದ್ದಾರೆ. ಹೌದು, ಅದು ಗಟ್ಟಿ ಪಿಂಡ. ಆದರೆ ತಿನ್ನುವುದು ಬೇರೆ, ದಕ್ಕುವುದು ಬೇರೆ. ಹೋಳಿಗೆಯನ್ನೂ ಹಸು ತಿಂದಿತ್ತು, ಅಲ್ವಾ?

ಹೊಟ್ಟೆಯ ವಿಷಯದಲ್ಲಿ ಇವು ಎಷ್ಟು ನಾಜೂಕು ಅನ್ನುವುದಕ್ಕೆ ಜಂಜಿಬಾರ್ ದ್ವೀಪದ ಕೆಂಪು ಕೊಲೊಬಸ್ ನೋಡಬೇಕು. ಅದು ಬೇರೆ ಜಾತಿ, ಆದರೆ ಹೊಟ್ಟೆ ಇದೇ. ಅಲ್ಲಿ ಜೋಜಾನಿ ಕಾಡಿನ ಅಂಚಿಗೆ ಊರವರ ತೋಟಗಳಿವೆ. ಮಾವು, ಕಾಡುಬಾದಾಮಿ. ಮಾವು ನಮ್ಮ ಕಡೆಯಿಂದಲೇ ಹೋದ ಮರ. ಈ ಮಂಗಗಳು ತೋಟಕ್ಕೆ ನುಗ್ಗುವುದು ಆ ಮರಗಳ ಎಲೆಗೆ. ಎಲೆಯಲ್ಲಿ ಪ್ರೊಟೀನ್ ಚೆನ್ನಾಗಿದೆ. ಜೊತೆಗೆ ಜೀರ್ಣಕ್ಕೆ ಅಡ್ಡ ಬರುವ ಫಿನಾಲ್‌ಗಳೂ ಇವೆ. ಅದಕ್ಕೆ ಅವು ಕಂಡುಕೊಂಡ ಮದ್ದು ಇದ್ದಿಲು. ಸುಟ್ಟ ಬೊಡ್ಡೆಯಿಂದ, ಇದ್ದಿಲು ಸುಟ್ಟ ಜಾಗದಿಂದ ಒಂದು ತುಂಡು ಎತ್ತಿಕೊಂಡು ಕಟಕಟ ಕಡಿಯುತ್ತವೆ. ಸಂಶೋಧಕ ಥಾಮಸ್ ಸ್ಟ್ರುಸೇಕರ್ ಮತ್ತು ಜೊತೆಗಾರರು 1997ರಲ್ಲಿ ಇದನ್ನು ವಿವರವಾಗಿ ಬರೆದರು. ವಿಷದ ಗಿಡ ಮೇದ ದನಕ್ಕೆ ನಾವು ಇದ್ದಿಲ ಪುಡಿ ಕುಡಿಸುವುದೂ ಇದೇ ಲೆಕ್ಕದಲ್ಲಿ. ಯಾವ ಕಾಲೇಜಿಗೂ ಹೋಗದ ಈ ಮಂಗಗಳಿಗೆ ಡೋಸ್ ಹೇಗೆ ಗೊತ್ತಾಯಿತು ಅಂತ ನನಗೆ ಈಗಲೂ ಬೆರಗು.

ಇನ್ನು ಮಾತ್ರೆ.

ನಮ್ಮ ಕೆಲಸ ಬೆಳಕು ಹರಿಯುವ ಮುಂಚೆ ಶುರು. ಗುಂಪು ರಾತ್ರಿ ಮಲಗಿದ್ದ ಮರದ ಕೆಳಗೆ ಹೋಗಿ ನಿಲ್ಲಬೇಕು. ಎದ್ದ ಕೂಡಲೇ ಅವು ಮಾಡುವ ಮೊದಲ ಕೆಲಸ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಟೋಪಿ ಕಡ್ಡಾಯ. ಬಿದ್ದದ್ದನ್ನು ಎತ್ತಿ ಫಾರ್ಮಲಿನ್ ಸೀಸೆಗೆ ಹಾಕಿ, ಗಂಡೋ ಹೆಣ್ಣೋ ಮರಿಯೋ ಬರೆದು, ಆಮೇಲೆ ಮೈಕ್ರೋಸ್ಕೋಪಿನಲ್ಲಿ ಹುಳದ ಮೊಟ್ಟೆ ಹುಡುಕುವುದು. ಕರುಳಲ್ಲಿ ಕೂರುವ ಚಾಟಿ ಹುಳದ (ವಿಪ್‌ವರ್ಮ್) ಮೊಟ್ಟೆ ಕಂದು ಬಣ್ಣ. ನಡು ಉಬ್ಬಿ, ಎರಡೂ ತುದಿಗೆ ಬಿರಡೆ. ಥೇಟ್ ಮೃದಂಗ.

ಈ ಹುಳ ದಟ್ಟ ಕಾಡಿನ ಮಂಗಕ್ಕೂ ಇರುತ್ತದೆ. ಬಹುತೇಕ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಹಾಗಂತ ಏನೂ ಆಗುವುದಿಲ್ಲ ಅಂತಲ್ಲ. ಕಿಬಾಲೆಯಲ್ಲಿ ನೋಡಿದವರ ಪ್ರಕಾರ ಹುಳವಿದ್ದಾಗ ಇವು ಜಾಸ್ತಿ ಹೊತ್ತು ಸುಮ್ಮನೆ ಕೂರುತ್ತವೆ, ತೊಗಟೆಯಂಥದ್ದನ್ನು ಜಾಸ್ತಿ ತಿನ್ನುತ್ತವೆ. ಜ್ವರ ಬಂದಾಗ ನಾವು ಹೊದ್ದು ಮಲಗಿ ಕಷಾಯ ಕುಡಿದ ಹಾಗೆ. ತೊಂದರೆ ಶುರುವಾಗುವುದು ಕಾಡು ತುಂಡಾದಾಗ. ಸಂಶೋಧಕರಾದ ಥಾಮಸ್ ಗಿಲೆಸ್ಪಿ ಮತ್ತು ಕಾಲಿನ್ ಚಾಪ್ಮನ್ 2006ರಲ್ಲಿ ಕಿಬಾಲೆ ಸುತ್ತಲಿನ ಕಾಡಿನ ತುಣುಕುಗಳ ಲೆಕ್ಕ ಹಾಕಿದರು. ಯಾವ ತುಣುಕಿನ ಕೆಂಪು ಕೊಲೊಬಸ್‌ಗೆ ಹುಳ ಹೆಚ್ಚು ಅನ್ನುವುದನ್ನು ಚೆನ್ನಾಗಿ ಹೇಳಿದ್ದು ಕಡಿದ ಮರದ ಬೊಡ್ಡೆಗಳ ಲೆಕ್ಕ. ಬೊಡ್ಡೆ ಜಾಸ್ತಿ ಇದ್ದಲ್ಲಿ ಹುಳ ಜಾಸ್ತಿ.

ಬೊಡ್ಡೆಯಲ್ಲಿ ಹುಳ ಇರುವುದಿಲ್ಲ, ಅದು ಗುರುತು ಮಾತ್ರ. ಮರ ಕಡಿಯಲು ಜನ ಬಂದಿದ್ದಾರೆ, ಅವರ ಹಿಂದೆ ದನ ಬಂದಿದೆ, ಮಂಗಕ್ಕೆ ಮೇವಿನ ಮರ ಕಮ್ಮಿಯಾಗಿದೆ ಅಂತ ಅರ್ಥ. ಉಳಿದ ನಾಲ್ಕು ಮರಕ್ಕೇ ದಿನಾ ಬರಬೇಕು. ಚಾಟಿ ಹುಳದ ಮೊಟ್ಟೆ ಬಿದ್ದ ಕೂಡಲೇ ಅಂಟುವುದಿಲ್ಲ. ಒದ್ದೆ ಮಣ್ಣಿನಲ್ಲಿ ಕೆಲವು ವಾರ ಬಲಿಯಬೇಕು. ದೊಡ್ಡ ಕಾಡಿನಲ್ಲಿ ಅಷ್ಟು ಹೊತ್ತಿಗೆ ಗುಂಪು ಎಲ್ಲೋ ಇರುತ್ತದೆ. ತುಣುಕಿನಲ್ಲಿ ಅದೇ ಮರದ ಕೆಳಗೆ ಇರುತ್ತದೆ. ಕೊಂಬೆಗೆ ಕೊಂಬೆ ಸಿಗದಿದ್ದರೆ ನೆಲಕ್ಕಿಳಿದೇ ದಾಟಬೇಕು, ಮಣ್ಣು ಕೈಗೆ, ಕೈ ಬಾಯಿಗೆ. ಹೀಗೇ ಆಗುತ್ತದೆ ಅಂತ ಪ್ರತಿ ತುಣುಕಿಗೂ ಆಣೆ ಮಾಡಿ ಹೇಳಲಾರೆ. ಆದರೆ ಇವತ್ತು ಮಾತ್ರೆ ಹಾಕಿದರೆ ನಾಳೆಯಿಂದಲೇ ಮತ್ತೆ ಮೊಟ್ಟೆ ನುಂಗಲು ಶುರು ಅನ್ನುವುದು ನಿಮಗೂ ಗೊತ್ತಾಗಿರಬೇಕು. ಅರ್ಧಂಬರ್ಧ ಡೋಸ್ ಕೊಟ್ಟು ಮದ್ದಿಗೆ ಬಗ್ಗದ ಹುಳ ಸಾಕಿದ ಹಾಗಾಗುತ್ತದೆ. ಕುರಿಗಳಲ್ಲಿ ಅದನ್ನು ಮಾಡಿ ಮುಗಿಸಿದ್ದೇವೆ.

ಆ್ಯಂಟಿಬಯಾಟಿಕ್ ಕೇಳುವವರಿಗೆ ನನ್ನ ಉತ್ತರ ಇನ್ನೂ ಚಿಕ್ಕದು. ಇಡೀ ಹೊಟ್ಟೆ ನಿಂತಿರುವುದೇ ಬ್ಯಾಕ್ಟೀರಿಯಾ ಮೇಲೆ. ಅಲ್ಲದೆ ಈ ತುಣುಕುಗಳ ಮಂಗಗಳ ಕರುಳಿನ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಪಕ್ಕದ ಊರಿನ ಜನರ, ದನಗಳ ಇ. ಕೋಲೈಗೆ ಹತ್ತಿರದ್ದು ಅಂತ ಸಂಶೋಧಕ ಟೋನಿ ಗೋಲ್ಡ್‌ಬರ್ಗ್ ತಂಡ ತೋರಿಸಿದೆ. ರೋಗ ಕಾಡಿನಿಂದ ನಮಗೆ ಬರುತ್ತದೆ ಅಂತಲೇ ಎಲ್ಲರ ಭಯ. ನಾವು ಕೊಟ್ಟದ್ದರ ಲೆಕ್ಕ ಯಾರೂ ಇಡುವುದಿಲ್ಲ. 2013ರಲ್ಲಿ ಕಿಬಾಲೆಯ ಕನ್ಯಾವಾರ ಗುಂಪಿನ 56 ಚಿಂಪಾಂಜಿಗಳಲ್ಲಿ 5 ಸತ್ತವು. ಕಾರಣ ರೈನೋವೈರಸ್ ಸಿ, ನಮ್ಮ ಮಕ್ಕಳಿಗೆ ನೆಗಡಿ ತರುವಂಥದ್ದು. ಮೂಗು ಒರೆಸಿಕೊಳ್ಳುತ್ತಾ "ದೂರದಿಂದ ನೋಡ್ತೀನಿ ಡಾಕ್ಟ್ರೇ" ಅನ್ನುವ ಪ್ರವಾಸಿಗಳನ್ನು ನಾನು ಜೀಪಿನಲ್ಲೇ ಕೂರಿಸುತ್ತೇನೆ. ಬೈಸಿಕೊಂಡಿದ್ದೇನೆ.

ಕಾಡು ಹಸಿರಾಗಿ ಕಂಡರೆ ಮೇವು ಇದೆ ಅಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ಇವಕ್ಕೆ ಬೇಕಾದದ್ದು ಪ್ರೊಟೀನ್ ಜಾಸ್ತಿ, ನಾರು ಕಮ್ಮಿ ಇರುವ ಚಿಗುರು. ಕಿಬಾಲೆಯ ಎಲೆಗಳನ್ನು ದಶಕಗಳ ಹಿಂದಿನ ಲೆಕ್ಕದ ಜೊತೆ ಇಟ್ಟು ನೋಡಿದಾಗ ನಾರು ಹೆಚ್ಚಿ ಪ್ರೊಟೀನ್ ಇಳಿದದ್ದು ಕಂಡಿದೆ.

ಹಾಗಾದರೆ ಡಾಕ್ಟರಾಗಿ ನಾನು ಔಷಧಿ ಮುಟ್ಟುವುದೇ ಇಲ್ಲವಾ? ಮುಟ್ಟುತ್ತೇನೆ. ಉರುಳಿಗೆ ಸಿಕ್ಕ ಪ್ರಾಣಿ ಬೇರೆ ಮಾತು. ಇನ್ನೊಂದು ಉದಾಹರಣೆ ಹೇಳುತ್ತೇನೆ.

ಉದ್ಯಾನದ ಹೊರಗಿನ ಒಂದು ತುಣುಕು ಒಬ್ಬ ರೈತನ ಜಮೀನಿನಲ್ಲಿದೆ. ಅವರದು ಇಟ್ಟಿಗೆ ಗೂಡು. ಆ ಕಡೆ ಇಟ್ಟಿಗೆಗೆ, ಇದ್ದಿಲಿಗೆ, ವರಾಗಿ ಸಾರಾಯಿ ಕಾಯಿಸಲಿಕ್ಕೆ ಸೌದೆ ಬೇಕೇ ಬೇಕು. ಇಂಥ ತುಣುಕುಗಳಿಂದಲೇ ಅದು ಬರುತ್ತದೆ. ನಾವು ಅಲ್ಲಿ ಬೊಡ್ಡೆ ಎಣಿಸುತ್ತಿದ್ದಾಗ ಅವರು ಬಂದು, ಯಾವ ಬೊಡ್ಡೆ ಯಾವ ವರ್ಷದ್ದು ಅಂತ ತಾವೇ ತೋರಿಸಿಕೊಟ್ಟರು. ಇದು ದೊಡ್ಡ ಮಗಳ ಸ್ಕೂಲ್ ಫೀಸು, ಇದು ಚಿಕ್ಕವಳದ್ದು, ಇದು ತಾಯಿ ಆಸ್ಪತ್ರೆಯಲ್ಲಿದ್ದಾಗ. ನಾನು ಬರೆದುಕೊಂಡೆ. ಬುದ್ಧಿ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಅವರು, ನೀವು ದನದ ಡಾಕ್ಟರ್ ಅಂತಲ್ಲ, ಹಸುಗೆ ಹುಳದ ಔಷಧಿ ಇದೆಯಾ ಅಂತ ಕೇಳಿದರು.

ಇತ್ತು. ನಾಲ್ಕು ಹಸು, ಅಂಕೋಲೆ ತಳಿ. ನಮ್ಮ ಉತ್ತರ ಕನ್ನಡದ ಅಂಕೋಲಾಕ್ಕೂ ಇದಕ್ಕೂ ನಂಟಿಲ್ಲ. ಕೊಂಬು ನನ್ನ ತೋಳಿಗಿಂತ ಉದ್ದ. ಯಾವುದಾದರೂ ಹೊಸದಾಗಿ ಗಬ್ಬ ಇದೆಯಾ ಕೇಳಿದೆ, ಇದ್ದರೆ ಆಲ್ಬೆಂಡಜೋಲ್ ಬೇಡ ಅಂತ. ಒಂದು ಇತ್ತು, ಅದನ್ನು ಬಿಟ್ಟೆವು. ಉಳಿದ ಮೂರಕ್ಕೆ ನೀರಿನ ಬಾಟಲಿಯನ್ನೇ ಗೊಟ್ಟ ಮಾಡಿ ಎತ್ತಿದೆ. ಎರಡನೆಯದು ತಲೆ ಕೊಡವಿ ಅರ್ಧ ಔಷಧಿಯನ್ನು ನನ್ನ ಅಂಗಿಗೆ ಕುಡಿಸಿತು. ರೈತನ ಮಕ್ಕಳು ಬಿದ್ದು ಬಿದ್ದು ನಕ್ಕರು. ಬೇಲಿಯಾಚೆ ನೀಲಗಿರಿ ಮರದಲ್ಲಿ ಎರಡು ಕೊಲೊಬಸ್ ಕೂತು, ಉಪ್ಪಿನಂಶಕ್ಕೆ ತೊಗಟೆ ಸುಲಿಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದವು.