ಮಿಜುಕಿ ಶಿಗೆರು ಬರೆದ ಯೋಕಾಯ್‌ಗಳಲ್ಲಿ ಜನಪದದ್ದೆಷ್ಟು, ಅವರ ಕೈಯದ್ದೆಷ್ಟು?

ಪ್ರಶ್ನೆ: ‘ಗೆಗೆಗೆ ನೊ ಕಿತಾರೋ’ ಎಂಬ ಮಾಂಗಾದಲ್ಲಿ (ಜಪಾನೀ ಚಿತ್ರಕಥೆಯಲ್ಲಿ) ಬರುವ ಯೋಕಾಯ್‌ಗಳೆಲ್ಲ, ಅಂದರೆ ವಿಚಿತ್ರ ಜೀವಿಗಳೆಲ್ಲ, ಜಪಾನಿನ ಹಳೆಯ ಜನಪದದವೇ, ಇಲ್ಲ ಅದನ್ನು ಬರೆದ ಮಿಜುಕಿ ಶಿಗೆರು ಕಲ್ಪಿಸಿಕೊಂಡವೇ?

ಬಹುಪಾಲು ಯೋಕಾಯ್‌ಗಳ ಹೆಸರು ಹಳೆಯದು, ಮುಖ ಮಾತ್ರ ಮಿಜುಕಿಯವರು ಕೊಟ್ಟದ್ದು.

ಯೋಕಾಯ್ ಅಂದರೆ ದೆವ್ವ ಎಂದುಕೊಂಡರೆ ಇದು ಅರ್ಥವಾಗುವುದು ಕಷ್ಟ. ಸತ್ತವರು ಕಾಣಿಸಿಕೊಳ್ಳುವುದಕ್ಕೆ ಜಪಾನಿನಲ್ಲಿ ಯೂರೇಯ್ ಎಂಬ ಬೇರೆ ಮಾತೇ ಇದೆ. ಯೋಕಾಯ್ ಎಷ್ಟೋ ಸಲ ಒಂದು ವಿಚಿತ್ರ ಅನುಭವಕ್ಕೆ ಇಟ್ಟ ಹೆಸರು, ಅಷ್ಟೇ. ನುರಿಕಾಬೆಯನ್ನೇ ನೋಡಿ. ಕ್ಯೂಶೂ ದ್ವೀಪದ ಫುಕುಓಕಾದ ಒಂದು ಕರಾವಳಿಯಲ್ಲಿ, ರಾತ್ರಿ ನಡೆದು ಹೋಗುವವರಿಗೆ ಇದ್ದಕ್ಕಿದ್ದಂತೆ ಗೋಡೆ ಅಡ್ಡ ಬಂದ ಹಾಗಾಗಿ ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲವಂತೆ. ಕೋಲಿನಿಂದ ಬುಡಕ್ಕೆ ಹೊಡೆದರೆ ಮಾಯ, ಮೇಲ್ಭಾಗಕ್ಕೆ ಎಷ್ಟು ಹೊಡೆದರೂ ಏನೂ ಆಗದು. ಜನಪದ ವಿದ್ವಾಂಸ ಯಾನಗಿತಾ ಕುನಿಯೋ ದಾಖಲಿಸಿದ್ದು ಹೆಚ್ಚುಕಡಿಮೆ ಇಷ್ಟೇ. ಅದರಲ್ಲಿ ಕಣ್ಣಿನ ಸುದ್ದಿಯಿಲ್ಲ, ಕಾಲಿನ ಸುದ್ದಿಯಿಲ್ಲ.

ಕಾಣದ ಗೋಡೆಯನ್ನು ಮಾಂಗಾದಲ್ಲಿ ಬರೆಯುವುದು ಹೇಗೆ? ಬರಿಯ ಗೋಡೆ ಬರೆದರೆ ಓದುಗನಿಗೆ ಅದು ಗೋಡೆಯೇ. ಅದು ನಡೆಯದು, ಜಗಳಕ್ಕೆ ಬಾರದು. ಮಿಜುಕಿ ಅದನ್ನು ದಪ್ಪ ಚಪ್ಪಡಿ ಮಾಡಿ, ನಿದ್ದೆಗಣ್ಣು ಎರಡನ್ನಿಟ್ಟು, ಮೋಟು ಕೈಕಾಲು ಜೋಡಿಸಿದರು. ಯುದ್ಧಕಾಲದಲ್ಲಿ ನ್ಯೂ ಬ್ರಿಟನ್ ದ್ವೀಪದ ಕಾಡಿನಲ್ಲಿ ಒಬ್ಬಂಟಿಯಾಗಿ ಓಡುತ್ತಿದ್ದಾಗ ತಮಗೂ ಇಂಥದ್ದೇ ಅಡ್ಡ ಬಂದಿತ್ತೆಂದು ಅವರು ಹೇಳಿಕೊಂಡಿದ್ದಾರೆ. ಅದೇ ದ್ವೀಪದಲ್ಲಿ ಮಲೇರಿಯಾದಿಂದ ಮಲಗಿದ್ದಾಗ ಬಾಂಬ್ ದಾಳಿಗೆ ಸಿಕ್ಕು ಎಡಗೈ ಹೋಯಿತು. ಮುಂದೆ ಬರೆದ ಪುಟಗಳೆಲ್ಲ ಒಂದೇ ಕೈಯವು.

ಮರಳೆರಚುವ ಮುದುಕಿ ಸುನಕಾಕೆ ಬಾಬಾಳ ಕಥೆಯೂ ಹೀಗೇ. ನಾರಾ ಕಡೆಯ ನಿರ್ಜನ ಕಾಡುದಾರಿಯಲ್ಲಿ ಮೈಮೇಲೆ ಮರಳು ಬೀಳುತ್ತಿತ್ತು, ಆಕೆಯನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಕಾಗೋಶಿಮಾದ ಇತ್ತಾನ್ ಮೊಮೆನ್ ಮುಸ್ಸಂಜೆ ಹಾರಿ ಬರುವ ಸುಮಾರು 10 ಮೀಟರ್ ಉದ್ದದ ಹತ್ತಿಬಟ್ಟೆ. ಅದಕ್ಕೂ ಕಣ್ಣು, ಕೈ ಬಂದದ್ದು ಮಿಜುಕಿಯವರಿಂದಲೇ.

ಇದಕ್ಕೆ ತೀರ ಉಲ್ಟಾ ಆದದ್ದು 18ನೇ ಶತಮಾನದ ಚಿತ್ರಕಾರ ತೊರಿಯಾಮಾ ಸೆಕಿಯೆನ್ ಮೂಲದ ಯೋಕಾಯ್‌ಗಳದ್ದು. ಈತನ 1776ರ ಯೋಕಾಯ್ ಚಿತ್ರಪುಸ್ತಕದಲ್ಲಿ ಚಿತ್ರವಿದೆ, ಹೆಸರಿದೆ, ಹೆಚ್ಚಿನವಕ್ಕೆ ವಿವರಣೆಯೇ ಇಲ್ಲ. ಯಾನಗಿತಾ ಬಳಿ ಮಾತಿತ್ತು, ಚಿತ್ರವಿರಲಿಲ್ಲ. ಸೆಕಿಯೆನ್ ಬಳಿ ಚಿತ್ರವಿತ್ತು, ಮಾತಿರಲಿಲ್ಲ. ಎರಡನ್ನೂ ಒಂದೇ ಊರಿನ ನಿವಾಸಿಗಳಂತೆ ಒಟ್ಟಿಗೆ ಕೂರಿಸಿದ್ದು ಮಿಜುಕಿಯವರ ನಿಜವಾದ ಸಾಧನೆ ಎನ್ನಬೇಕು. ಹೊಸದನ್ನು ಹಳೆಯದೆಂದುಕೊಳ್ಳುವ ಎಡವಟ್ಟು ಆಗುವುದೂ ಇಲ್ಲೇ. ಉದಾಹರಣೆಗೆ ನುರಾರಿಹ್ಯೋನ್. ಸೆಕಿಯೆನ್‌ನಲ್ಲಿ ಅದು ಮನೆಯೊಳಗೆ ಕಾಲಿಡುತ್ತಿರುವ ಬುರುಡೆ ತಲೆಯ ಮುದುಕ, ಅಷ್ಟೇ. ‘ಯೋಕಾಯ್‌ಗಳ ದಂಡನಾಯಕ’ ಎಂಬ ಪಟ್ಟ ಸಿಕ್ಕಿದ್ದು 20ನೇ ಶತಮಾನದಲ್ಲಿ.

ಇನ್ನು ಕಥಾನಾಯಕ ಕಿತಾರೋ. ಅವನ ಬೇರು ಸತ್ತ ತಾಯಿಯೊಬ್ಬಳ ಕಥೆಯಲ್ಲಿದೆ. ಅವಳು ರಾತ್ರಿ ಅಂಗಡಿಗೆ ಬಂದು ಮಿಠಾಯಿ ಕೊಳ್ಳುತ್ತಾಳೆ. ಅಂಗಡಿಯವನು ಹಿಂಬಾಲಿಸಿ ಹೋದರೆ ಗೋರಿಯೊಳಗಿಂದ ಮಗುವಿನ ಅಳು. 1930ರ ದಶಕದಲ್ಲೇ ಇದು ‘ಹಾಕಾಬಾ ಕಿತಾರೋ’ ಹೆಸರಿನ ಕಾಮಿಶಿಬಾಯ್ ಆಗಿತ್ತು. ಕಾಮಿಶಿಬಾಯ್ ಅಂದರೆ ಸೈಕಲ್ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬಂದು, ಚಿತ್ರದ ಹಾಳೆ ಒಂದೊಂದಾಗಿ ಎಳೆಯುತ್ತ ಕಥೆ ಹೇಳಿ, ಮಕ್ಕಳಿಗೆ ಮಿಠಾಯಿ ಮಾರುವ ಕಸುಬು. ಮಿಜುಕಿ 1954ರಲ್ಲಿ ತಮ್ಮದೇ ಕಿತಾರೋನನ್ನು ಕಾಮಿಶಿಬಾಯ್‌ಗೆ ಬರೆದರು. ಟೀವಿ ಬಂದು ಆ ಕಸುಬಿನ ಹೊಟ್ಟೆ ಒಣಗಿತು. ಟೋಕಿಯೋಗೆ ಹೋಗಿ, ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಗಳಿಗಾಗಿ ಮಾಂಗಾ ಬರೆಯತೊಡಗಿದರು, ಕಿತಾರೋ 1960ರಲ್ಲಿ ಅಲ್ಲಿಗೂ ಬಂದ. ವಾರಪತ್ರಿಕೆ ‘ಶೋನೆನ್ ಮ್ಯಾಗಜೀನ್’ ಬಾಗಿಲು ತೆರೆದದ್ದು 1965ರಲ್ಲಿ, ಮಿಜುಕಿಯವರಿಗೆ 43 ತುಂಬಿದ ಮೇಲೆ. ‘ಹಾಕಾಬಾ’ ಅಂದರೆ ಸ್ಮಶಾನ. ಟೀವಿಗೆ ಅಪಶಕುನದ ಹೆಸರು. ಹಾಗಾಗಿ ಅದು ‘ಗೆಗೆಗೆ’ ಆಯಿತು, 1968ರ ಜನವರಿಯಲ್ಲಿ ಅನಿಮೆ ಶುರುವಾಯಿತು. ಆ ‘ಗೆಗೆ’ ಮಿಜುಕಿಯವರ ಬಾಲ್ಯದ ತೊದಲು: ಶಿಗೆರು ಅನ್ನಲಾಗದೆ ‘ಗೆಗೆರು’ ಅನ್ನುತ್ತಿದ್ದರು.

ಟೀಬಟ್ಟಲಲ್ಲಿ ಸ್ನಾನ ಮಾಡುವ, ಕಿತಾರೋನ ಕಣ್ಣುಗುಡ್ಡೆ ಅಪ್ಪ, ಇಲಿ ಮನುಷ್ಯ ನೆಜುಮಿ ಒತೊಕೊ ಇವರಿಬ್ಬರೂ ಮಿಜುಕಿಯವರ ಸ್ವಂತ ಸೃಷ್ಟಿ. ಯಾವ ಹಳ್ಳಿಯಲ್ಲೂ ಇವರ ಕಥೆ ಸಿಗದು.

ಅಷ್ಟಾದರೂ ಎಲ್ಲ ಹಳೆಯದರಂತೆ ತೋರಲು ಕಾರಣ ಹಿನ್ನೆಲೆ ಚಿತ್ರಗಳು. ಪಾತ್ರಗಳದ್ದು ನಾಲ್ಕು ಗೆರೆಯ ಹಗುರ ಮುಖ. ಹಿಂದಿನ ಮರ, ಗೋರಿಕಲ್ಲು, ಹುಲ್ಲುಮಾಡುಗಳಿಗೆ ಫೋಟೋ ನೋಡಿಕೊಂಡು ಸಣ್ಣ ಚುಕ್ಕಿಗಳನ್ನು ಸಾವಿರಗಟ್ಟಲೆ ಇಡಲಾಗಿದೆ. ಕಾಡು ಅಷ್ಟು ನಿಜವಾಗಿ ಕಂಡರೆ ಅದರೊಳಗೆ ನಿಂತ ಚಪ್ಪಡಿಯನ್ನೂ ಕಣ್ಣು ನಂಬಿಬಿಡುತ್ತದೆ. ಈ ದುಡಿಮೆಗೆ ಸಹಾಯಕರು ಬೇಕೇ ಬೇಕು. ಮಾಂಗಾ ಕಲಾವಿದರಾದ ತ್ಸುಗೆ ಯೋಶಿಹಾರು, ಇಕೆಗಾಮಿ ರಿಯೋಇಚಿ ಇಬ್ಬರೂ ಒಂದು ಕಾಲಕ್ಕೆ ಇಲ್ಲಿ ಸಹಾಯಕರಾಗಿದ್ದವರೇ.

ನೀವೇ ಪರೀಕ್ಷಿಸುವುದಾದರೆ ಮೊದಲು ಊರಿನ ಹೆಸರು ಕೇಳಿ. ಜನಪದದಿಂದ ಬಂದ ಯೋಕಾಯ್‌ಗೆ ಸಾಮಾನ್ಯವಾಗಿ ಒಂದು ಸೀಮೆ ಇರುತ್ತದೆ. ಸೀಮೆ ಸಿಗದಿದ್ದರೆ ಸೆಕಿಯೆನ್ ಪುಸ್ತಕಗಳಲ್ಲಿ ಚಿತ್ರ ಹುಡುಕಿ. ಎರಡೂ ಕಡೆ ಇಲ್ಲವೆಂದರೆ ಅನುಮಾನಪಡಿ. ‘ಪಾಶ್ಚಾತ್ಯ ಯೋಕಾಯ್’ ಎಂದು ಬರುವ ಒಂಟಿಕಣ್ಣಿನ ಬ್ಯಾಕ್‌ಬಿಯರ್ಡ್‌ಗೆ ಪಶ್ಚಿಮದ ಜನಪದದಲ್ಲಿ ಸುಳಿವೇ ಇಲ್ಲ.

ಈ ಪರೀಕ್ಷೆಯೂ ಒಮ್ಮೊಮ್ಮೆ ಕೈಕೊಡುತ್ತದೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿರುವ ಹಳೆಯ ಚಿತ್ರಸುರುಳಿಯೊಂದರಲ್ಲಿ ‘ನುರಿಕಾಬೆ’ ಎಂಬ ಹೆಸರಿನಡಿ ಮೂರು ಕಣ್ಣಿನ, ನಾಲ್ಕು ಕಾಲಿನ ಪ್ರಾಣಿಯಿದೆ. ಫುಕುಓಕಾದ ಗೋಡೆಯೂ ಇದೂ ಒಂದೇ ಎನ್ನಲು ಆಧಾರ ಸಾಲದು. ಮಿಜುಕಿ ಬೆಳೆದ ಸಕಾಯ್‌ಮಿನಾತೋದ ಬೀದಿಯಲ್ಲಿ ಕಂಚಿನಲ್ಲಿ ನಿಂತಿರುವುದಂತೂ ಆ ಪ್ರಾಣಿಯಲ್ಲ, ಚಪ್ಪಡಿಯೇ.