ಮೂವತ್ತಮೂರನೇ ಹಾರ್ಮೋನಿಕ್

ಧಾರವಾಡದಲ್ಲಿ ಹಾರ್ಮೋನಿಕ್ ಅಂದರೆ ಏನು ಅಂತ ಹೇಳಿಕೊಡುವುದು ಸುಲಭ. ತಂಬೂರಿ ಕೇಳದ ಕಿವಿ ಇಲ್ಲಿ ಕಡಿಮೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿಯನ್ನು ಮೀಟಿ, ಸ್ವಲ್ಪ ಹೊತ್ತು ಸುಮ್ನೆ ಕೇಳಿ. ಷಡ್ಜದ ಒಳಗಿಂದ ಗಾಂಧಾರ ಎದ್ದು ಬರುತ್ತದೆ. ಯಾವ ತಂತಿಯನ್ನೂ ಗಾಂಧಾರಕ್ಕೆ ಶ್ರುತಿ ಮಾಡಿರುವುದಿಲ್ಲ. ಅದು ಖರ್ಜದ ಐದನೇ ಹಾರ್ಮೋನಿಕ್. ತಂತಿ ಸೆಕೆಂಡಿಗೆ ನೂರು ಸಲ ಅದುರಿದರೆ, ಐನೂರು ಸಲದ ಅದುರೂ ಅದರ ಜೊತೆಗೇ ಇರುತ್ತದೆ.

ಈ ಗುಣ ಬಹಳ ಮಟ್ಟಿಗೆ ಕುದುರೆಯದ್ದು, ಅಂದರೆ ತಂತಿಗಳು ಒರಗುವ ಪಟ್ಟಿಯದ್ದು. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಹಾರ್ಮೋನಿಕ್ ಅಲುಗದೆ ನಿಲ್ಲಬೇಕೋ, ಅದು ಹುಟ್ಟಲೇಬಾರದು ಎಂಬುದು ಹಳೆಯ ನಿಯಮ. ತಂಬೂರಿ, ವೀಣೆ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು ಸಿ. ವಿ. ರಾಮನ್ 1921ರಲ್ಲೇ ಬರೆದರು. ಅವುಗಳ ಕುದುರೆ ಅಗಲ, ಮೇಲ್ಮೈ ಬಾಗಿದ್ದು. ತಂತಿ ಅದುರುವಾಗ ಅದನ್ನು ಮುಟ್ಟುತ್ತಾ ಬಿಡುತ್ತಾ ಇರುತ್ತದೆ. ಹಾಗೆ ಮತ್ತೆ ಮತ್ತೆ ಮುಟ್ಟುವುದರಿಂದ ಅಲೆಯ ನಯವಾದ ಆಕಾರ ಕೆಡುತ್ತದೆ. ಆಕಾರ ಕೆಟ್ಟಷ್ಟೂ ಹಾರ್ಮೋನಿಕ್ ಜಾಸ್ತಿ.

“ಬೆಳಕಿಗೂ ಹಿಂಗ ಮಾಡಬಹುದೇನ್ರಿ ಸರ್?” ಎಂದು ಬಿಎಸ್ಸಿ ಓದುವ ಹುಡುಗಿಯೊಬ್ಬಳು ಕೇಳಿದಳು. ತುಂಬಾ ಒಳ್ಳೆಯ ಪ್ರಶ್ನೆ. ಬೆಳಕೂ ಅಲೆ ತಾನೆ? ಮಾಮೂಲಿ ಬೆಳಕು ಗಾಜಿನೊಳಗೆ ಹೋದಾಗ ಅಲ್ಲಿನ ಎಲೆಕ್ಟ್ರಾನುಗಳು ಅದರ ತಾಳಕ್ಕೆ ಸರಿಯಾಗಿ ಅಲುಗುತ್ತವೆ. ಹೋದ ಬಣ್ಣವೇ ಹೊರಗೆ ಬರುತ್ತದೆ. ಎಲೆಕ್ಟ್ರಾನುಗಳ ಆ ಅಲುಗಾಟದ ಆಕಾರ ಕೆಡಬೇಕಾದರೆ ಬೆಳಕು ಬಹಳ ಜೋರಾಗಿರಬೇಕು. ಲೇಸರ್ ಬರುವ ತನಕ ಅಂಥ ಬೆಳಕು ನಮ್ಮ ಬಳಿ ಇರಲಿಲ್ಲ.

ಮೊದಲ ಲೇಸರ್ ಹೊತ್ತಿದ್ದು 1960ರಲ್ಲಿ. ಮರುವರ್ಷವೇ ಅಮೆರಿಕದ ಪೀಟರ್ ಫ್ರಾಂಕೆನ್ ಮತ್ತು ಜೊತೆಗಾರರು 694 ನ್ಯಾನೊಮೀಟರ್‌ನ ಕೆಂಪು ಲೇಸರನ್ನು ಸ್ಫಟಿಕ ಶಿಲೆಗೆ ಹಾಯಿಸಿ, 347 ನ್ಯಾನೊಮೀಟರ್‌ನ ಅತಿನೇರಳೆ ಬೆಳಕು ಪಡೆದರು. ಅದು ಎರಡನೇ ಹಾರ್ಮೋನಿಕ್: ಅದುರು ಎರಡು ಪಟ್ಟಾದರೆ ತರಂಗಾಂತರ ಅರ್ಧ. ಫೋಟೊದಲ್ಲಿ ಆ ಚುಕ್ಕೆ ತೀರಾ ಸಣ್ಣದಾಗಿತ್ತು. ಅಚ್ಚು ಹಾಕುವಾಗ ಅದನ್ನು ಕೊಳೆ ಅಂದುಕೊಂಡು ಅಳಿಸಿದರು ಎಂದು ಹೇಳುತ್ತಾರೆ. ಪತ್ರಿಕೆಯಲ್ಲಿ ಬಾಣದ ಗುರುತು ಉಳಿಯಿತು, ಚುಕ್ಕೆ ಇಲ್ಲ.

ಆಮೇಲೆ ಮೂರನೆಯದು, ಐದನೆಯದು ಸಿಕ್ಕವು. ಮೇಲೆ ಹೋದಂತೆ ಬೆಳಕು ಮಸುಕಾಗುತ್ತಾ ಬಂತು. ಲೆಕ್ಕವೂ ಹಾಗೇ ಹೇಳುತ್ತಿತ್ತು. 1987ರ ಸುಮಾರಿಗೆ ಫ್ರಾನ್ಸಿನ ಸಾಕ್ಲೇಯಲ್ಲಿ ಆನ್ ಲ್ಯುಲಿಯೆ ಇದ್ದ ತಂಡ 1064 ನ್ಯಾನೊಮೀಟರ್‌ನ ಅವಗೆಂಪು ಲೇಸರನ್ನು ಆರ್ಗಾನ್ ಅನಿಲಕ್ಕೆ ಹಾಯಿಸಿತು. ಮೊದಲ ಕೆಲವು ಹಾರ್ಮೋನಿಕ್ ನಿರೀಕ್ಷೆಯಂತೆ ಇಳಿದವು. ಆಮೇಲೆ ಇಳಿಯುವುದೇ ನಿಂತಿತು. ಒಂದರ ನಂತರ ಒಂದು, ಹೆಚ್ಚು ಕಡಿಮೆ ಒಂದೇ ಬಲದಲ್ಲಿ ಸಾಲಾಗಿ ನಿಂತವು. ಸಾಲು 33ನೆಯದರ ತನಕ ಹೋಯಿತು. ಅಂದರೆ ತರಂಗಾಂತರ ಬರೀ 32 ನ್ಯಾನೊಮೀಟರ್! ಅದೇ ಹೊತ್ತಿಗೆ ಶಿಕಾಗೊದ ತಂಡವೊಂದು ನಿಯಾನ್‌ನಲ್ಲಿ 17ನೆಯದನ್ನು ಕಂಡಿತ್ತು. ಆದರೆ ಈ ಸಮತಟ್ಟಾದ ಸಾಲು ಹಳೆಯ ಲೆಕ್ಕಕ್ಕೆ ಸಿಗುವಂಥದ್ದಾಗಿರಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಉತ್ತರ 1993ರಲ್ಲಿ ಬಂತು. ಕೆನಡಾದ ಪಾಲ್ ಕಾರ್ಕಮ್ ಕೊಟ್ಟ ಚಿತ್ರ ಎಷ್ಟು ಸರಳವಾಗಿದೆ ಎಂದರೆ ಈಗಲೂ ಬೆರಗಾಗುತ್ತದೆ. ಚದರ ಸೆಂಟಿಮೀಟರಿಗೆ ನೂರು ಲಕ್ಷ ಕೋಟಿ ವ್ಯಾಟ್ ಮೀರಿದ ಬೆಳಕನ್ನು ಊಹಿಸಿಕೊಳ್ಳಿ. ಅದರ ವಿದ್ಯುತ್ ಕ್ಷೇತ್ರ ಪರಮಾಣುವಿನ ಹಿಡಿತವನ್ನೇ ಒಂದು ಕಡೆಗೆ ಬಗ್ಗಿಸುತ್ತದೆ. ಸಂದಿಯಿಂದ ಎಲೆಕ್ಟ್ರಾನ್ ನುಸುಳಿ ಹೊರಗೆ ಬರುತ್ತದೆ. ಕ್ಷೇತ್ರ ಅದನ್ನು ಒಂದೆರಡು ನ್ಯಾನೊಮೀಟರ್ ದೂರ ಎಳೆದೊಯ್ಯುತ್ತದೆ. ಪರಮಾಣುವಿನ ಗಾತ್ರಕ್ಕೆ ಹೋಲಿಸಿದರೆ ಇದು ಬಹಳ ದೂರ. ಅಷ್ಟರಲ್ಲಿ ಬೆಳಕಿನ ಅಲೆ ದಿಕ್ಕು ಬದಲಿಸುತ್ತದೆ. ಎಲೆಕ್ಟ್ರಾನ್ ತಿರುಗಿ ವೇಗವಾಗಿ ವಾಪಸು ಬಂದು, ಬಿಟ್ಟುಹೋದ ಪರಮಾಣುವಿನಲ್ಲೇ ಸೇರಿಕೊಳ್ಳುತ್ತದೆ. ದಾರಿಯಲ್ಲಿ ಗಳಿಸಿದ ಶಕ್ತಿಯೆಲ್ಲ ಒಂದೇ ಫೋಟಾನ್, ಅಂದರೆ ಬೆಳಕಿನ ಕಣ, ಆಗಿ ಹೊರಬೀಳುತ್ತದೆ.

ಸಾಲು ಯಾಕೆ ಕೊನೆಗೆ ಥಟ್ಟನೆ ನಿಲ್ಲುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ವಾಪಸು ಬರುವ ಎಲೆಕ್ಟ್ರಾನ್ ಗಳಿಸಬಹುದಾದ ಶಕ್ತಿಗೆ ಒಂದು ಮಿತಿ ಇದೆ. ಬೆಳಕಿನಲ್ಲಿ ಓಲಾಡುವ ಎಲೆಕ್ಟ್ರಾನಿನ ಸರಾಸರಿ ಚಲನಶಕ್ತಿಯ 3.17 ಪಟ್ಟು. ಅದಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಬೇಕಾದ ಶಕ್ತಿಯನ್ನು ಕೂಡಿಸಿ. ಅದೇ ಕೊನೆಯ ಹಾರ್ಮೋನಿಕ್.

ತಂಬೂರಿಯ ಹೋಲಿಕೆಯನ್ನು ಇಲ್ಲಿ ಬಿಡಬೇಕು. ತಂತಿಯಲ್ಲಿ ಸಮ, ಬೆಸ ಎರಡೂ ಇವೆ. ಅನಿಲದಿಂದ ಬರುವುದು ಬೆಸ ಮಾತ್ರ: 15, 17, 19 ಹೀಗೆ. ಪರಮಾಣುವಿಗೆ ಎಡ ಬಲ ಎರಡೂ ಒಂದೇ. ಅಲೆಯ ಪ್ರತಿ ಅರ್ಧ ಸುತ್ತಿಗೂ ಒಂದು ಮಿಂಚು ಹುಟ್ಟುತ್ತದೆ, ಮುಂದಿನ ಮಿಂಚು ಅದರ ತಲೆಕೆಳಗಾದ ನಕಲು. ಎರಡೂ ಕೂಡಿದಾಗ ಸಮ ಸಂಖ್ಯೆಯವು ಅಳಿಸಿಹೋಗುತ್ತವೆ. ಮೂಲ ಬೆಳಕಿಗೆ ಅದರ ಎರಡನೇ ಹಾರ್ಮೋನಿಕನ್ನು ಸ್ವಲ್ಪ ಬೆರೆಸಿ ಈ ಸಮತೋಲ ಕೆಡಿಸಿದರೆ, ಸಮ ಸಂಖ್ಯೆಯವೂ ಕಾಣಿಸಿಕೊಳ್ಳುತ್ತವೆ.

ಇಷ್ಟೆಲ್ಲ ಕಷ್ಟ ಯಾಕೆ? ಕಾಲವನ್ನು ಸಣ್ಣಗೆ ಕತ್ತರಿಸಲು. ಈಗ ಹೆಚ್ಚಾಗಿ ಬಳಸುವ ಟೈಟಾನಿಯಂ ಸಫೈರ್ ಲೇಸರಿನ ಬೆಳಕು 800 ನ್ಯಾನೊಮೀಟರ್‌ನದು. ಅದರ ಒಂದು ಸುತ್ತಿಗೇ 2.7 ಫೆಮ್ಟೊಸೆಕೆಂಡ್ ಬೇಕು. ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು ಫೆಮ್ಟೊಸೆಕೆಂಡ್. ಆ ಬೆಳಕಿನಲ್ಲೇ ಇದಕ್ಕಿಂತ ಬಹಳ ಚಿಕ್ಕ ಮಿಂಚು ಮಾಡುವುದು ಆಗದ ಮಾತು. ಆದರೆ ಸಾಲಿನಲ್ಲಿರುವ ಹತ್ತಾರು ಹಾರ್ಮೋನಿಕ್ ಒಟ್ಟಿಗೆ ಹೆಜ್ಜೆ ಹಾಕಿದರೆ, ಕ್ಷಣಕಾಲ ಎಲ್ಲವೂ ಕೂಡಿ ಏಳುತ್ತವೆ, ಉಳಿದ ಹೊತ್ತು ಒಂದನ್ನೊಂದು ಅಳಿಸುತ್ತವೆ. ಹಾಗೆ ಸಿಗುವ ಮಿಂಚನ್ನು ಅಟೊಸೆಕೆಂಡಿನಲ್ಲಿ ಅಳೆಯಬೇಕು. ಫೆಮ್ಟೊಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಅದು. 2001ರಲ್ಲಿ ಪಿಯೆರ್ ಅಗೊಸ್ಟಿನಿ ತಂಡ 250 ಅಟೊಸೆಕೆಂಡಿನ ಮಿಂಚುಗಳ ಸಾಲನ್ನು ಅಳೆಯಿತು. ಅದೇ ವರ್ಷ ಫೆರೆನ್ಸ್ ಕ್ರೌಸ್ ತಂಡ 650 ಅಟೊಸೆಕೆಂಡಿನ ಒಂಟಿ ಮಿಂಚನ್ನು ಬೇರ್ಪಡಿಸಿತು. ಇವರಿಬ್ಬರ ಜೊತೆ ಲ್ಯುಲಿಯೆ ಅವರಿಗೂ 2023ರಲ್ಲಿ ನೊಬೆಲ್ ಬಂತು. ಕರೆ ಬಂದಾಗ ಲ್ಯುಲಿಯೆ ಸ್ವೀಡನ್ನಿನ ಲುಂಡ್‌ನಲ್ಲಿ ಪಾಠ ಮಾಡುತ್ತಿದ್ದರು. ಮೇಷ್ಟ್ರುಗಳಿಗೆಲ್ಲ ಖುಷಿ ಕೊಡುವ ಸಂಗತಿ ಅಲ್ವಾ?

ನೀಲ್ಸ್ ಬೋರ್ ಅವರ ಪರಮಾಣು ಮಾದರಿಯ ಲೆಕ್ಕದಲ್ಲಿ ಹೈಡ್ರೋಜನ್ನಿನ ಎಲೆಕ್ಟ್ರಾನ್ ಒಂದು ಸುತ್ತು ಹಾಕಲು ಸುಮಾರು 150 ಅಟೊಸೆಕೆಂಡ್ ಸಾಕು. ಅಂದರೆ ಎಲೆಕ್ಟ್ರಾನ್ ಓಡುವ ಹೊತ್ತಿಗೆ ಸರಿಸಮವಾದ ಗಡಿಯಾರ ನಮ್ಮ ಕೈಗೆ ಬಂದಿದೆ. ಬೆಳಕು ತಾಗಿದ ಕೂಡಲೇ ಎಲೆಕ್ಟ್ರಾನ್ ಹೊರಗೆ ಹಾರುತ್ತದೆ ಎಂದು ನಾವು ಪಾಠ ಮಾಡುತ್ತಿದ್ದೆವು. 2010ರಲ್ಲಿ ನಿಯಾನ್‌ನಲ್ಲಿ ಅಳೆದಾಗ, ಎರಡು ಬೇರೆ ಕಕ್ಷೆಗಳ ಎಲೆಕ್ಟ್ರಾನುಗಳ ನಡುವೆ 21 ಅಟೊಸೆಕೆಂಡಿನ ವ್ಯತ್ಯಾಸ ಕಂಡಿತು.

ಕೆಲಸ ಮಾತ್ರ ಸುಲಭದ್ದಲ್ಲ. ಈ ಬೆಳಕನ್ನು ಗಾಳಿ ನುಂಗಿಹಾಕುತ್ತದೆ, ಎಲ್ಲವನ್ನೂ ನಿರ್ವಾತದಲ್ಲೇ ಮಾಡಬೇಕು. ಗಾಜಿನಲ್ಲೂ ಅದು ಹಾಯುವುದಿಲ್ಲ. ಉಳಿದ ಲೇಸರ್ ಬೆಳಕನ್ನು ಸೋಸಲು ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಅಲ್ಯೂಮಿನಿಯಂ ಹಾಳೆ ಬೇಕು. ಸುರಿದ ಶಕ್ತಿಯಲ್ಲಿ ಲಕ್ಷಕ್ಕೊಂದು ಪಾಲು ಒಂದು ಹಾರ್ಮೋನಿಕ್‌ಗೆ ಸಿಕ್ಕರೆ ಒಳ್ಳೆಯ ಫಲ ಎನ್ನಬೇಕು. ನಮ್ಮ ದೇಶದಲ್ಲೂ ಇದು ನಡೆದಿದೆ. ಇಂದೋರಿನಲ್ಲಿ ನಮ್ಮ ತುಮಕೂರಿನ ರಾಜಾ ರಾಮಣ್ಣ ಅವರ ಹೆಸರಿನ ಸಂಶೋಧನಾ ಕೇಂದ್ರವಿದೆ. ಅಲ್ಲಿ ಅನಿಲದ ಬದಲು ಬೆಳ್ಳಿ, ಇಂಡಿಯಂನಂಥ ಲೋಹಗಳನ್ನು ಲೇಸರಿನಿಂದಲೇ ಆವಿಯಾಗಿಸಿ ಹಾರ್ಮೋನಿಕ್ ಹುಟ್ಟಿಸಿದ್ದಾರೆ.

ಪ್ರಶ್ನೆ ಕೇಳಿದ ಹುಡುಗಿಗೆ ನಾನು ಕೊಟ್ಟ ಕೆಲಸವನ್ನು ನೀವೂ ಮಾಡಬಹುದು. ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ಸಾಕು. ಕೊಸೈನ್ ಆಕಾರದ ಕ್ಷೇತ್ರದಲ್ಲಿ, ನಿಂತ ಜಾಗದಿಂದ ಸೊನ್ನೆ ವೇಗದಲ್ಲಿ ಎಲೆಕ್ಟ್ರಾನನ್ನು ಬಿಡಿ. ನ್ಯೂಟನ್ನನ ಎರಡನೇ ನಿಯಮ ಹಾಕಿ, ಅದು ಹೊರಟ ಜಾಗಕ್ಕೆ ಯಾವಾಗ ಮರಳುತ್ತದೆ ನೋಡಿ. ಅಲೆಯ ತುದಿ ದಾಟಿ ಸುಮಾರು 18 ಡಿಗ್ರಿಗೆ ಬಿಟ್ಟದ್ದು 252 ಡಿಗ್ರಿಗೆ ವಾಪಸು ಬರುತ್ತದೆ, ಎಲ್ಲಕ್ಕಿಂತ ಜಾಸ್ತಿ ಶಕ್ತಿ ಹೊತ್ತು. ಆ ಶಕ್ತಿಯನ್ನು ಸರಾಸರಿ ಚಲನಶಕ್ತಿಯಿಂದ ಭಾಗಿಸಿದರೆ ಬರುವ ಉತ್ತರ 3.17.