ಓದುಗರ ಪ್ರಶ್ನೆ: ಪ್ರಾಚೀನ ಯೆಹೂದಿಗಳು ಬಲಿಯನ್ನು ಎಲ್ಲಿ ಅರ್ಪಿಸಬಹುದಿತ್ತು?

“ಯೆಹೂದಿಗಳಿಗೆ ಬಲಿ ಅರ್ಪಿಸಲು ಮೊದಲಿನಿಂದಲೂ ಜೆರುಸಲೇಮಿನ ದೇವಾಲಯವೊಂದೇ ಸ್ಥಳವಾಗಿತ್ತೇ? ಹಾಗಿದ್ದರೆ ಉಳಿದ ಊರುಗಳ ಸಿನಗಾಗ್‌ಗಳಲ್ಲಿ ಏನು ನಡೆಯುತ್ತಿತ್ತು?” ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿ ಬಾರಿಯೂ ಅದೇ ತಪ್ಪು ತಿಳಿವಳಿಕೆ ಮರಳಿ ಬರುವುದರಿಂದ, ಈ ಸಲ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಎರಡನೆಯ ಭಾಗವನ್ನು ಮೊದಲು ಮುಗಿಸೋಣ. ಕೊಚ್ಚಿಗೆ ಪ್ರವಾಸ ಹೋಗಿ ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ನೋಡಿ ಬಂದವರು, ಅದರ ನಡುವೆ ಹಿತ್ತಾಳೆಯ ಕಟಾಂಜನದೊಳಗಿರುವ ಕಟ್ಟೆ ಬಲಿಪೀಠವೇ ಎಂದು ಕೇಳುತ್ತಾರೆ. ಅಲ್ಲ. 1568ರಲ್ಲಿ ಕಟ್ಟಿದ ಆ ಸಿನಗಾಗ್‌ನ ಕಟ್ಟೆ ಧರ್ಮಗ್ರಂಥದ ಸುರುಳಿಯನ್ನು ಬಿಚ್ಚಿ ಓದುವುದಕ್ಕಾಗಿ ಇರುವಂಥದ್ದು. ಜೆರುಸಲೇಮಿನ ದೇವಾಲಯ ಇನ್ನೂ ನಿಂತಿದ್ದ ಕಾಲದಲ್ಲೂ ಸಿನಗಾಗ್‌ನ ಕೆಲಸ ಇದೇ ಆಗಿತ್ತು. 1913ರಲ್ಲಿ ಜೆರುಸಲೇಮಿನಲ್ಲಿ ಸಿಕ್ಕ ಗ್ರೀಕ್ ಶಾಸನವೊಂದರಲ್ಲಿ ಥಿಯೊಡೋಟಸ್ ಎಂಬವನು ತಾನು ಸಿನಗಾಗ್ ಕಟ್ಟಿಸಿದ ಉದ್ದೇಶವನ್ನು ಹೇಳಿಕೊಂಡಿದ್ದಾನೆ: ಧರ್ಮಶಾಸ್ತ್ರದ ವಾಚನ, ಆಜ್ಞೆಗಳ ಬೋಧನೆ, ಪರಸ್ಥಳದಿಂದ ಬಂದವರಿಗೆ ತಂಗಲು ಕೋಣೆ ಮತ್ತು ನೀರು. ಥಿಯೊಡೋಟಸ್ ಸ್ವತಃ ಯಾಜಕ. ಆದರೂ ಅವನ ಪಟ್ಟಿಯಲ್ಲಿ ಬಲಿಪೀಠವಿಲ್ಲ. ಕನ್ನಡ ಬೈಬಲ್ ಇದನ್ನು ‘ಸಭಾಮಂದಿರ’ ಎಂದೂ ಜೆರುಸಲೇಮಿನದನ್ನು ‘ದೇವಾಲಯ’ ಎಂದೂ ಎಚ್ಚರದಿಂದ ಬೇರ್ಪಡಿಸಿದೆ. ಎರಡನ್ನೂ ‘ಯೆಹೂದಿ ದೇವಸ್ಥಾನ’ ಎಂದು ಕರೆಯುವುದನ್ನು ನಾವು ಬಿಟ್ಟರೆ ಅರ್ಧ ಗೊಂದಲ ತಾನಾಗಿಯೇ ಹೋಗುತ್ತದೆ.

ಇನ್ನು ಮೊದಲ ಭಾಗ. ಮೋಶೆಯ ಕಾಲದಿಂದಲೂ ಬಲಿಗೆ ಒಂದೇ ಸ್ಥಳವಿತ್ತು, ಬೇರೆಡೆ ಅರ್ಪಿಸಿದವರೆಲ್ಲ ವಿಗ್ರಹಾರಾಧಕರು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದಕ್ಕೆ ವಿರುದ್ಧವಾದ ವಾಕ್ಯಗಳು ಕಣ್ಣೆದುರಿಗೇ ಇದ್ದರೂ ಓದುಗರು ಅವನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯವನ್ನು ದಶಾಜ್ಞೆಗಳಿಗಾಗಿ ಎಲ್ಲರೂ ಓದುತ್ತಾರೆ. ಅದರ ಕೊನೆಯ ಮೂರು ವಚನಗಳನ್ನು ಓದುವವರು ಕಡಿಮೆ. ಮಣ್ಣಿನಿಂದ ಯಜ್ಞವೇದಿಯನ್ನು ಮಾಡಿ ಅದರ ಮೇಲೆ ಕುರಿ ದನಗಳನ್ನು ಸಮರ್ಪಿಸಬೇಕು, ದೇವರು ತನ್ನ ಹೆಸರನ್ನು ಸ್ಮರಣೆಗೆ ತರುವ ‘ಎಲ್ಲಾ ಸ್ಥಳಗಳಲ್ಲಿಯೂ’ ಬಂದು ಆಶೀರ್ವದಿಸುವನು, ಕಲ್ಲಿನಿಂದ ಕಟ್ಟುವುದಾದರೆ ಉಳಿ ಮುಟ್ಟಿಸಿದ ಕಲ್ಲು ಕೂಡದು, ಮೆಟ್ಟಿಲು ಇರಬಾರದು ಎಂದು ಅಲ್ಲಿದೆ. ಸ್ಥಳ ಒಂದೇ ಆಗಿದ್ದರೆ ‘ಎಲ್ಲಾ ಸ್ಥಳಗಳಲ್ಲಿಯೂ’ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ಮುಂದಿನ ಕಥನಗಳು ಈ ವಚನಕ್ಕೆ ತಕ್ಕಂತೆಯೇ ನಡೆಯುತ್ತವೆ. ನ್ಯಾಯಸ್ಥಾಪಕ ಗಿದ್ಯೋನನು ಒಫ್ರದಲ್ಲಿ ವೇದಿ ಕಟ್ಟುತ್ತಾನೆ. ಪ್ರವಾದಿ ಸಮುವೇಲನು ತನ್ನ ಊರಾದ ರಾಮದಲ್ಲಿ ಕಟ್ಟುತ್ತಾನೆ. ಇನ್ನೊಂದು ಪಟ್ಟಣದ ಗುಡ್ಡದ ಪೂಜಾಸ್ಥಳದಲ್ಲಿ ಅವನು ಬಂದು ಆಶೀರ್ವದಿಸುವವರೆಗೆ ಜನರು ಬಲಿಭೋಜನಕ್ಕೆ ಕೈಹಚ್ಚುವುದಿಲ್ಲ. ಸೊಲೊಮೋನನು ದೇವಾಲಯ ಕಟ್ಟಿಸುವ ಮೊದಲು ಗಿಬ್ಯೋನಿನಲ್ಲಿ 1000 ಸರ್ವಾಂಗಹೋಮಗಳನ್ನು ಅರ್ಪಿಸುತ್ತಾನೆ, ಅಲ್ಲೇ ದೇವರು ಅವನಿಗೆ ಕನಸಿನಲ್ಲಿ ಕಾಣಿಸಿಕೊಂಡು ವಿವೇಕದ ವರ ಕೊಡುತ್ತಾನೆ. ಇವರಲ್ಲಿ ಯಾರನ್ನೂ ಗ್ರಂಥ ವಿಗ್ರಹಾರಾಧಕರೆಂದು ಕರೆಯುವುದಿಲ್ಲ. ದೇವಾಲಯ ಕಟ್ಟಿದ ನಂತರ ಪ್ರವಾದಿ ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಅರ್ಪಿಸಿದ ಬಲಿಯನ್ನು ರಬ್ಬಿಗಳು (ಯೆಹೂದಿ ಧರ್ಮಪಂಡಿತರು) ಆ ಹೊತ್ತಿಗೆ ಮಾತ್ರ ಸಂದ ಅಪವಾದವೆಂದು ಹೇಳಿದ್ದಾರೆ, ನಿಜ. ಆದರೆ ಎಲೀಯನು ಅಲ್ಲಿ ಹೊಸ ವೇದಿಯನ್ನು ಕಟ್ಟಲಿಲ್ಲ, ಯಾರೋ ಕೆಡವಿಹಾಕಿದ್ದ ಯೆಹೋವನ ವೇದಿಯನ್ನು ಸರಿಪಡಿಸಿದನು ಎಂದು ಗ್ರಂಥವೇ ಹೇಳುತ್ತದೆ.

ಮಣ್ಣಿನಡಿಯ ಸಾಕ್ಷ್ಯ ಇನ್ನೂ ಸ್ಪಷ್ಟವಾದುದು. ದಕ್ಷಿಣ ಇಸ್ರೇಲಿನ ನೆಗೆವ್‌ನ ಅರಾದ್ ಯೆಹೂದ ರಾಜ್ಯದ್ದೇ ಗಡಿಕೋಟೆ. 1960ರ ದಶಕದಲ್ಲಿ ಯೋಹಾನಾನ್ ಅಹರೋನಿ ಅಲ್ಲಿ ಉತ್ಖನನ ನಡೆಸಿದಾಗ ಕೋಟೆಯೊಳಗೇ ಒಂದು ದೇವಾಲಯ ದೊರೆಯಿತು. ಅದರ ಅಂಗಳದ ಬಲಿಪೀಠವನ್ನು ಮಣ್ಣು ಮತ್ತು ಉಳಿ ತಾಗದ ಕಲ್ಲುಗಳಿಂದ ಕಟ್ಟಲಾಗಿತ್ತು, ಅಂದರೆ ವಿಮೋಚನಕಾಂಡ ಹೇಳಿದ ಬಗೆಯಲ್ಲೇ. ಗರ್ಭಗುಡಿಯ ಬಾಗಿಲಲ್ಲಿ ಎರಡು ಸಣ್ಣ ಧೂಪವೇದಿಗಳನ್ನು ಮಲಗಿಸಿ ಹುಗಿದಿದ್ದರು. ಅವುಗಳ ತಲೆಯ ಮೇಲೆ ಅಂಟಿಕೊಂಡಿದ್ದ ಕಪ್ಪು ಕರಿಯ ವಿಶ್ಲೇಷಣೆ 2020ರಲ್ಲಿ ಪ್ರಕಟವಾಯಿತು: ದೊಡ್ಡದರ ಮೇಲೆ ಪ್ರಾಣಿಕೊಬ್ಬಿನೊಡನೆ ಸುಟ್ಟ ಸಾಂಬ್ರಾಣಿ ಜಾತಿಯ ಧೂಪ, ಚಿಕ್ಕದರ ಮೇಲೆ ಸಗಣಿಯೊಡನೆ ಸುಟ್ಟ ಗಾಂಜಾ. ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಪೂಜೆಯೊಂದರ ಕರಿ ಕಲ್ಲಿನ ಮೇಲೆ ಹಾಗೆಯೇ ಉಳಿದಿತ್ತು. ಇದು ಕದ್ದುಮುಚ್ಚಿ ನಡೆಸಿದ ಅನ್ಯದೇವತೆಯ ಗುಡಿಯಾಗಿರಲಿಲ್ಲ. ದಾವೀದವಂಶದ ಅರಸರ ಸೈನಿಕರೇ ಇದ್ದ ಕೋಟೆಯ ಗುಡಿ. ಬೇರ್ಷೆಬದಲ್ಲಿಯೂ ನಾಲ್ಕು ಮೂಲೆಗೆ ಕೊಂಬುಗಳಿದ್ದ ಬಲಿಪೀಠದ ಕಲ್ಲುಗಳು ಸಿಕ್ಕಿವೆ. ಅವನ್ನು ಕಳಚಿ ಉಗ್ರಾಣದ ಗೋಡೆಗೆ ಬಳಸಿಕೊಂಡಿದ್ದರು.

ಇಷ್ಟು ಹೇಳಿದ ಮೇಲೂ, ಇದೆಲ್ಲ ಆಧುನಿಕ ವಿದ್ವಾಂಸರ ಕಲ್ಪನೆ, ಸಂಪ್ರದಾಯಸ್ಥ ಯೆಹೂದಿಗಳು ಒಪ್ಪುವುದಿಲ್ಲ ಎಂದು ಕೆಲವರು ಪಟ್ಟುಹಿಡಿಯುತ್ತಾರೆ. ಅವರಿಗೆ ನಾನು ಪ್ರತಿ ಸಲವೂ ತೋರಿಸುವುದು ಮಿಶ್ನಾದಲ್ಲಿ ಬಲಿಗಳನ್ನು ಕುರಿತ ಜೆವಾಹಿಮ್ ಭಾಗದ 14ನೆಯ ಅಧ್ಯಾಯವನ್ನು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ, ಸಂಪ್ರದಾಯಕ್ಕೇ ಅಡಿಪಾಯವಾದ ಗ್ರಂಥ ಅದು. ಅಲ್ಲಿನ ರಬ್ಬಿಗಳ ಲೆಕ್ಕ ಹೀಗಿದೆ: ಮರುಭೂಮಿಯಲ್ಲಿ ದೇವದರ್ಶನದ ಗುಡಾರ ನಿಲ್ಲುವವರೆಗೆ ಊರೂರಿನ ವೇದಿಗಳಿಗೆ ಅನುಮತಿ ಇತ್ತು, ಗುಡಾರ ನಿಂತ ಮೇಲೆ ನಿಷೇಧ, ಗಿಲ್ಗಾಲಿಗೆ ಬಂದಾಗ ಮತ್ತೆ ಅನುಮತಿ, ಶೀಲೋವಿನಲ್ಲಿ ಮತ್ತೆ ನಿಷೇಧ, ನೋಬ್ ಮತ್ತು ಗಿಬ್ಯೋನ್ ಕಾಲದಲ್ಲಿ ಮತ್ತೆ ಅನುಮತಿ, ಜೆರುಸಲೇಮಿಗೆ ಬಂದ ಮೇಲೆ ನಿಷೇಧ, ಆ ಬಳಿಕ ಅನುಮತಿ ಎಂದೆಂದಿಗೂ ಇಲ್ಲ. ಅನುಮತಿ ಇದ್ದ ಕಾಲದಲ್ಲೂ ಖಾಸಗಿ ವೇದಿಯಲ್ಲಿ ಹರಕೆಯ ಮತ್ತು ಸ್ವಇಚ್ಛೆಯ ಬಲಿಗಳಷ್ಟೇ ಸಲ್ಲುತ್ತಿದ್ದವು. ನಿಯಮ ಇಷ್ಟು ಸಲ ಬದಲಾಯಿತೆಂದು ರಬ್ಬಿಗಳೇ ಒಪ್ಪಿ ಬರೆದಿಟ್ಟಿರುವಾಗ, ಅದು ಎಂದೂ ಬದಲಾಗಲಿಲ್ಲ ಎಂದು ಅವರ ಪರವಾಗಿ ನಾವು ವಾದಿಸುವುದು ಸರಿಯಲ್ಲ.

ಹಾಗಾದರೆ ‘ಒಂದೇ ಸ್ಥಳ’ ಎಂಬ ನಿಯಮ ಎಲ್ಲಿಂದ ಬಂತು? ಧರ್ಮೋಪದೇಶಕಾಂಡದ 12ನೆಯ ಅಧ್ಯಾಯದಿಂದ. ಯೆಹೋವನು ಆರಿಸಿಕೊಳ್ಳುವ ಒಂದೇ ಸ್ಥಳದಲ್ಲಿ ಬಲಿ ಅರ್ಪಿಸಬೇಕು ಎಂದು ಅದು ಹೇಳುತ್ತದೆ, ಊರಿನ ಹೆಸರು ಹೇಳುವುದಿಲ್ಲ. ಯೆಹೂದಿಗಳಿಂದ ಬೇರೆಯಾದರೂ ಮೋಶೆಯ ಧರ್ಮಶಾಸ್ತ್ರವನ್ನೇ ಪಾಲಿಸುವ ಸಮಾರ್ಯರು ಆ ಸ್ಥಳ ಗೆರಿಜ್ಜೀಮ್ ಬೆಟ್ಟವೆಂದು ನಂಬುತ್ತಾರೆ. ಇಂದಿಗೂ ಪಸ್ಕ ಹಬ್ಬದ ಕುರಿಗಳನ್ನು ಅಲ್ಲಿಯೇ ವಧಿಸುತ್ತಾರೆ. ಜೆರುಸಲೇಮಿನಲ್ಲಿ ಆಳಿದ ಯೆಹೂದದ ಅರಸ ಹಿಜ್ಕೀಯನು ಊರೂರಿನ ಪೂಜಾಸ್ಥಳಗಳನ್ನು ತೆಗೆಯುವ ಕೆಲಸ ಶುರುಮಾಡಿದನು, ಅದನ್ನು ಸುಮಾರು ಕ್ರಿ.ಪೂ. 622ರಲ್ಲಿ ಅರಸ ಯೋಷೀಯನು ಮುಗಿಸಿದನು. ಗೆಬದಿಂದ ಬೇರ್ಷೆಬದವರೆಗಿನ ಪೂಜಾಸ್ಥಳಗಳನ್ನು ಅವನು ಹೊಲೆಮಾಡಿ, ಅಲ್ಲಿನ ಯಾಜಕರನ್ನು ಜೆರುಸಲೇಮಿಗೆ ಕರೆತಂದನು. ಅವರು ಅಲ್ಲಿನ ವೇದಿಯನ್ನು ಹತ್ತುವಂತಿರಲಿಲ್ಲ, ಆದರೆ ಬಂಧುಗಳ ಜೊತೆ ಹುಳಿಯಿಲ್ಲದ ರೊಟ್ಟಿಯನ್ನು ಉಣ್ಣಬಹುದಿತ್ತು.

ಆಮೇಲೂ ಎಲ್ಲರೂ ಒಂದೇ ಸಲಕ್ಕೆ ಕೇಳಲಿಲ್ಲ. ನೈಲ್ ನದಿಯ ಎಲಿಫಂಟೈನ್ ದ್ವೀಪದಲ್ಲಿ ಪರ್ಷಿಯನ್ನರ ಕೈಕೆಳಗೆ ಕಾವಲಿದ್ದ ಯೆಹೂದಿ ಸೈನಿಕರಿಗೆ ತಮ್ಮದೇ ದೇವಾಲಯವಿತ್ತು. ಕ್ರಿ.ಪೂ. 410ರಲ್ಲಿ ಅಲ್ಲಿನ ಖ್ನೂಮ್ ದೇವರ ಅರ್ಚಕರು ಅದನ್ನು ಕೆಡವಿಸಿದರು. 407ರಲ್ಲಿ ಆ ಯೆಹೂದಿಗಳು ಯೆಹೂದದ ರಾಜ್ಯಪಾಲ ಬಗೋಹಿಗೆ ಬರೆದ ಅರಮಾಯಿಕ್ ಪತ್ರ ಉಳಿದಿದೆ. ಅಂದಿನಿಂದ ಗೋಣಿತಟ್ಟು ಉಟ್ಟು ಉಪವಾಸವಿದ್ದೇವೆ, ಮತ್ತೆ ಕಟ್ಟಲು ಸಹಾಯ ಮಾಡಿ ಎಂಬ ಬೇಡಿಕೆ ಅದು. ಬಂದ ಉತ್ತರದಲ್ಲಿ ಧಾನ್ಯನೈವೇದ್ಯಕ್ಕೂ ಧೂಪಕ್ಕೂ ಒಪ್ಪಿಗೆಯಿದೆ, ಪ್ರಾಣಿಯ ಹೋಮದ ಮಾತೇ ಇಲ್ಲ. ಮುಂದೆ ಕ್ರಿ.ಪೂ. 2ನೆಯ ಶತಮಾನದಲ್ಲಿ ಓನಿಯಸ್ ಎಂಬ ಯಾಜಕ ಈಜಿಪ್ಟಿನ ಲಿಯೊಂಟೊಪೊಲಿಸ್‌ನಲ್ಲಿ ಕಟ್ಟಿದ ದೇವಾಲಯವೂ ಜೆರುಸಲೇಮಿನದು ಕ್ರಿ.ಶ. 70ರಲ್ಲಿ ನಾಶವಾಗುವವರೆಗೆ ನಡೆಯಿತು; ಬಳಿಕ ರೋಮನ್ನರು ಅದನ್ನೂ ಮುಚ್ಚಿಸಿದರು. ಅಲ್ಲಿ ಸೇವೆಮಾಡಿದ ಯಾಜಕರು ಜೆರುಸಲೇಮಿನಲ್ಲಿ ಸೇವೆಗೆ ನಿಲ್ಲುವಂತಿಲ್ಲ, ಆದರೆ ಪಾಲು ಪಡೆದು ಉಣ್ಣಬಹುದು ಎಂದು ಮಿಶ್ನಾ ತೀರ್ಪು ಕೊಡುತ್ತದೆ. ಅದಕ್ಕೆ ಅದು ಉದಾಹರಿಸುವುದು ಯೋಷೀಯನ ಕಾಲದ ಅದೇ ರೊಟ್ಟಿಯ ವಚನವನ್ನು.

ಇದೇ ಜಾಡಿನಲ್ಲಿ, ಯಾರೂ ಕೇಳದಿದ್ದರೂ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಇದೆ. ವೇದಿ ಒಂದೇ ಊರಿನಲ್ಲಿದ್ದರೆ ಉಳಿದವರು ಮಾಂಸ ತಿನ್ನುತ್ತಿದ್ದುದು ಹೇಗೆ? ಯಾಜಕಕಾಂಡದ 17ನೆಯ ಅಧ್ಯಾಯದ ಪ್ರಕಾರ ದನ, ಕುರಿ, ಆಡುಗಳನ್ನು ಗುಡಾರದ ಬಾಗಿಲಿಗೆ ತರದೆ ಕೊಯ್ದವನು ರಕ್ತಾಪರಾಧಿ. ಇಸ್ರಾಯೇಲ್ಯರ ಅರಸ ಸೌಲನ ಸೈನಿಕರು ಯುದ್ಧ ಮುಗಿಸಿ ಹಸಿದು, ಕೊಳ್ಳೆಯ ದನಕುರಿಗಳನ್ನು ನೆಲದ ಮೇಲೆಯೇ ಕೊಯ್ದು ರಕ್ತಸಮೇತ ತಿನ್ನತೊಡಗಿದಾಗ, ಅವನು ದೊಡ್ಡ ಕಲ್ಲೊಂದನ್ನು ಉರುಳಿಸಿ ತರಿಸಿ, ಎಲ್ಲರೂ ಅಲ್ಲಿಗೇ ತಂದು ಕೊಯ್ಯಬೇಕೆಂದು ಆಜ್ಞಾಪಿಸಿದ್ದು ನೆನಪಾಗಲಿ. ಬಲಿಯನ್ನು ಒಂದೇ ಸ್ಥಳಕ್ಕೆ ಸೇರಿಸಿದ ಧರ್ಮೋಪದೇಶಕಾಂಡವು ಅದೇ ಅಧ್ಯಾಯದಲ್ಲಿ ಈ ಗಂಟನ್ನೂ ಬಿಡಿಸಿತು: ಆ ಸ್ಥಳ ದೂರವಾದರೆ ನಿನ್ನ ಊರಲ್ಲೇ ಕೊಯ್ದು ತಿನ್ನು, ಜಿಂಕೆಯ ಮಾಂಸವನ್ನು ತಿನ್ನುವಂತೆ, ರಕ್ತವನ್ನು ಮಾತ್ರ ನೀರಿನಂತೆ ನೆಲಕ್ಕೆ ಸುರಿ. ಅಂದಿನಿಂದ ಹಟ್ಟಿಯ ಕುರಿಯೂ ಕಾಡಿನ ಜಿಂಕೆಯಂತಾಯಿತು, ಮಾಂಸದೂಟ ಬಲಿಯಿಂದ ಬೇರೆಯಾಯಿತು. ದೇವಾಲಯ ಬಿದ್ದ ಮೇಲೆ ಬಲಿ ನಿಂತರೂ ಮಾಂಸದೂಟ ನಿಲ್ಲದೆ ಇದ್ದದ್ದು ಇದರಿಂದಲೇ.

ಆದರೆ ಈ ಎರಡರ ನಡುವಿನ ಗೆರೆಯನ್ನು ರಬ್ಬಿಗಳು ಬಹಳ ಎಚ್ಚರದಿಂದ ಕಾದರು. ರೋಮ್ ನಗರದ ಯೆಹೂದಿಗಳಿಗೆ ಥೊದೋಸ್ ಎಂಬ ಹಿರಿಯನು ಪಸ್ಕದ ರಾತ್ರಿ ಆಡಿನ ಮರಿಯನ್ನು ಇಡಿಯಾಗಿ ಸುಟ್ಟು ತಿನ್ನುವ ರೂಢಿ ಮಾಡಿಸಿದ್ದನು. ಅದು ದೇವಾಲಯದ ಪಸ್ಕದ ಬಲಿಯನ್ನೇ ಹೋಲುತ್ತಿತ್ತು. ಪಂಡಿತರು ಅವನಿಗೆ ಹೇಳಿಕಳುಹಿಸಿದ ಮಾತು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿದೆ: ನೀನು ಥೊದೋಸ್ ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ ಬಹಿಷ್ಕಾರ ಹಾಕುತ್ತಿದ್ದೆವು, ಪವಿತ್ರವಾದುದನ್ನು ನೀನು ಇಸ್ರಾಯೇಲ್ಯರಿಗೆ ಹೊರಗೆ ತಿನ್ನಿಸುತ್ತಿದ್ದೀಯೆ.